ಬಾಯಿಲ್ಲದ ಕಟ್ಟೆ

ಬೆಳಕು ಹರಿಯುವ ಮೊದಲೇ ಶನಿಯಾರ ಹೊಳೆಗಿಳಿದು ಬೊಗಸೆ ನೀರೆತ್ತಿ ಮೂಸುತ್ತಾನೆ. ಮುಖ ತೊಳೆಯುವುದಿಲ್ಲ, ಮೂಸುತ್ತಾನೆ ಅಷ್ಟೆ. ಹೊನ್ನಾವರದ ನಾಟಾ ಡಿಪೋದಲ್ಲಿ ಇದು ಯಾರೂ ಹೇಳದ ಕೆಲಸ. ಸಂಬಳದ ಕೆಲಸ ಬೇರೆ: ಗೆದ್ದಲು ಹಿಡಿಯದಿರಲೆಂದು ಡಾಂಬರೆಣ್ಣೆಯಲ್ಲಿ ಅದ್ದಿ ತೆಗೆದ ರೈಲು ಹಳಿಯಡಿಯ ಮರದ ಸ್ಲೀಪರುಗಳು ಸೋರಿ ಒಣಗಲು ಅಂಗಳ ಕಟ್ಟುವುದು. ದಿನಕ್ಕೆ ನೂರೈವತ್ತು ಸ್ಲೀಪರು, ಒಂದೊಂದೂ ಎಂಟು ದಿನ ತೊಟ್ಟಿಕ್ಕುತ್ತದೆ. ಕುಮಟೆ, ಭಟ್ಕಳದವರೂ ಇವನಿಗೇ ಹೇಳಿಕಳಿಸುತ್ತಾರೆ. ಹೊಗಳಿದರೆ ಮಾತ್ರ ಶನಿಯಾರ ನೆಲ ನೋಡುತ್ತಾನೆ.

ಇವನದು ಗಜನಿಗೆ, ಅಂದರೆ ಹೊಳೆಯಂಚಿನ ಗದ್ದೆಗೆ, ಕಟ್ಟೆ ಹಾಕುವ ಮನೆತನ. ಗದ್ದೆಗೆ ಉಪ್ಪುನೀರು ನುಗ್ಗದಂತೆ ಮಣ್ಣಿನ ಕಟ್ಟೆ ಹಾಕಿ, ಇಳಿತದ ಹೊತ್ತಿಗೆ ಒಳನೀರು ಹೊರಹೋಗಲು ಒಂದು ಬಾಯಿ ಬಿಡುವುದು ಪದ್ಧತಿ. ಬಾಯಿಲ್ಲದ ಕಟ್ಟೆ ಒಡೆದೇ ಹೋಗುತ್ತದೆಂಬುದು ಅಜ್ಜನ ಮಾತು. ನಾಲ್ಕು ವರ್ಷದ ಹಿಂದೆ, ಮಹಾಯುದ್ಧದ ಗಡಿಬಿಡಿಯಲ್ಲಿ ಡಿಪೋದ ಮೊದಲ ಅಂಗಳ ಕಟ್ಟುವಾಗ, ಹಾಳಾದ ಕೈ ರೂಢಿಯಂತೆ ಅಲ್ಲೂ ಹೊಳೆಯ ಕಡೆಗೊಂದು ಬಾಯಿ ಬಿಟ್ಟಿತು. ಮೊದಲ ಮಳೆಗೆ ಎಣ್ಣೆಯೆಲ್ಲ ಹೊಳೆ ಸೇರಿ, ಹೊಳೆಯೊಳಗಿನ ಮರಳುದಿಬ್ಬದ ಬಳಚು, ಅಂದರೆ ಚಿಪ್ಪುಮೀನೆಲ್ಲ, ಚಿಪ್ಪು ತೆರೆದು ಸತ್ತಿತು.

ಆ ದಿಬ್ಬದ ಬಳಚು ಹೆಕ್ಕಿ ಮಾರುತ್ತಿದ್ದವಳು ನೆರೆಮನೆಯ ಗಣಪಿ. ಯುದ್ಧದ ಹಡಗಿನ ಎಣ್ಣೆ ಇರಬೇಕೆಂದು ಊರು ಮಾತಾಡಿಕೊಂಡಿತು. ನಿನಗೇನಾದರೂ ಗೊತ್ತುಂಟೋ ಎಂದು ಗಣಪಿ ಇವನ ಜಗಲಿಗೇ ಬಂದು ಕೇಳಿದಳು. ಗೊತ್ತಿಲ್ಲ ಅಂದುಬಿಟ್ಟ. ಅಂದಿನಿಂದ ಅವಳು ಬುಟ್ಟಿ ಹೊತ್ತು ಬಳಚಿಗಾಗಿ ದೂರದ ಹಳದೀಪುರದ ಕಡೆ ನಡೆಯತೊಡಗಿದಳು.

"ಬಾಯಿ ಬಿಡಬಾರ್ದಲ್ಲಿ ಬಿಟ್ಟೆ, ಬಿಡಬೇಕಾದಲ್ಲಿ ಬಿಡ್ಲಿಲ್ಲ," ಎನ್ನುತ್ತಾನೆ ಶನಿಯಾರ, ಪತ್ರಿಕೆಗೆ ಬರೆಯಲು ಬಂದ ನಮ್ಮೊಡನೆ. "ಎಂತಾ ಮಾಡೂದು, ನಾಚಿಕೆ ಆತು."

ಬಳಚು ಸತ್ತ ಮಾರನೆಯ ದಿನವೇ ಬಾಯಿ ಮುಚ್ಚಿದ, ಬೇಸಿಗೆಗೆ ಅಂಗಳವನ್ನೇ ಅಗೆದು ಹೊಸದಾಗಿ ಕಟ್ಟಿದ. ಮೇಲೆ ಮಳೆ ತಡೆಯಲು ತೆಂಗಿನ ಮಡಲಿನ ಚಪ್ಪರ. ಜೇಡಿಮಣ್ಣು ಬಡಿದು ಗಾರೆ ಎಳೆದ ನೆಲ ನಾಲ್ಕೂ ಕಡೆಯಿಂದ ನಡುವಿನ ಗುಂಡಿಗೆ ಇಳಿಯುತ್ತದೆ. ದಿನಾ ಎರಡು ಕೊಡ ಎಣ್ಣೆ ಅಲ್ಲಿಂದ ತಿರುಗಿ ಸ್ಲೀಪರು ಅದ್ದುವ ತೊಟ್ಟಿಗೆ ಹೋಗುತ್ತದೆ. ಡಿಪೋ ಸಾಹೇಬರಿಗೆ ಅದು ಬಲು ಖುಷಿ. ಇವನಿಗೆ ಗುಂಡಿ ಕಂಡಾಗೆಲ್ಲ ಸತ್ತ ಚಿಪ್ಪುಗಳೇ ನೆನಪಾಗುತ್ತವೆ.

ಈ ವರ್ಷ ದಿಬ್ಬದಲ್ಲಿ ಮತ್ತೆ ಬಳಚು ಬಿದ್ದಿದೆ. ಪತ್ರಿಕೆಯಲ್ಲಿ ಹೆಸರು ಬೇಡವೇ ಬೇಡ ಎಂದು ಹೊಳೆದಂಡೆಯಲ್ಲಿ ನಿಂತು ಶನಿಯಾರ ಹೇಳುತ್ತಿರುವಾಗಲೇ ಗಣಪಿ ನೀರಿನಿಂದೆದ್ದು ಬರುತ್ತಾಳೆ. ಮೊದಲ ಬೊಗಸೆ ಬಳಚನ್ನು ಇವನ ಪಂಚೆಯ ಸೆರಗಿಗೆ ಸುರಿಯುತ್ತಾಳೆ.

"ಎಣ್ಣೆ ವಾಸ್ನೆ ಇಲ್ಲ, ಶನಿಯಾರಣ್ಣ. ತಿನ್ನಿ."

ಅವಳು ದಂಡೆ ಹತ್ತಿ ಮರೆಯಾಗುವವರೆಗೂ ಶನಿಯಾರ ತಲೆ ಎತ್ತುವುದಿಲ್ಲ. ಆಮೇಲೆ ನಮ್ಮ ಕಡೆ ತಿರುಗುತ್ತಾನೆ.

"ಹೆಸ್ರು ಹಾಕಿ. ಆ ಬಾಯಿ ಬಿಟ್ಟವ ನಾನೇ ಅಂತಾನೂ ಹಾಕಿ. ಗಣಪಿಗೆ ಯಾರಾದ್ರೂ ಓದಿ ಹೇಳ್ಲಿ. ಅಲ್ಲೀವರೆಗೆ ಈ ಬಳಚು ನಂಗೆ ಇಳಿಯೂದಿಲ್ಲ."