ಸುಗರಾಬಿಯ ಕೈಗೆ ಬಾರದ ಗಂಟೆ

ತಿಕೋಟಾ ಊರು ದಾಟಿ, ತೋಟಗಳ ನಡುವಿನ ಮಣ್ಣು ರಸ್ತೆ ಹಿಡಿದರೆ ಗುರಲಿಂಗಪ್ಪ ಸಾವಕಾರರ ಒಣದ್ರಾಕ್ಷಿಯ ಶೆಡ್ಡು ಸಿಗುತ್ತದೆ. ತಗಡಿನ ಛಾವಣಿ, ಅದರ ಕೆಳಗೆ ತಾಡಪತ್ರಿ, ತಾಡಪತ್ರಿಯ ಮೇಲೆ ರಾಶಿ. ಆ ರಾಶಿಯ ಸುತ್ತ ಕುಳಿತು ತೊಟ್ಟು ಮುರಿದು, ಕಪ್ಪು ಬೇರೆ ಹಸಿರು ಬೇರೆ ಮಾಡುವ ಹೆಂಗಸರಲ್ಲಿ ಸುಗರಾಬಿಯೇ ಹಿರಿಯಳು. ವಯಸ್ಸಿನಿಂದಷ್ಟೇ ಹಿರಿಯಳಲ್ಲ. ಯಾರು ಎಲ್ಲಿ ಕೂಡಬೇಕು, ಯಾವ ರಾಶಿ ಮೊದಲು ಮುಗಿಯಬೇಕು, ಯಾರ ಬಾಯಿ ಯಾವಾಗ ಮುಚ್ಚಬೇಕು ಎಂಬುದೆಲ್ಲ ಅವಳ ಕಣ್ಣಿನ ಸನ್ನೆಯಿಂದ ನಡೆಯುತ್ತಿತ್ತು.

ಅವಳಿಗೆ ಇನ್ನೊಂದು ಹೆಸರಿತ್ತು. ಏಪ್ರಿಲ್ ತಿಂಗಳಲ್ಲಿ ತಗಡು ಕಾದು ಟಕಟಕ ಸದ್ದು ಮಾಡುವಾಗ ಉಳಿದವರು ಸೆರಗಿನಿಂದ ಗಾಳಿ ಹಾಕಿಕೊಂಡು ನೀರಿನ ಹರವಿಯ ಕಡೆಗೆ ಓಡಾಡುತ್ತಿದ್ದರೆ, ಸುಗರಾಬಿ ಕುಳಿತಲ್ಲಿಂದ ಏಳುತ್ತಿರಲಿಲ್ಲ. "ನನಗ ಝಳ ಹತ್ತಂಗಿಲ್ಲವಾ," ಎಂದು ಬೆನ್ನು ನೆಟ್ಟಗೆ ಮಾಡಿ ಹೇಳುತ್ತಿದ್ದಳು. ಹೊಸದಾಗಿ ಬಂದವರಿಗೆ ಹಳಬರು ಅವಳನ್ನು ತೋರಿಸುತ್ತಿದ್ದುದೇ ಹೀಗೆ: "ಅಕಿ ನೋಡು, ಝಳ ಹತ್ತಲಾರದಾಕಿ." ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಸುಗರಾಬಿಯ ಬೆರಳುಗಳು ಇನ್ನಷ್ಟು ಚುರುಕಾಗುತ್ತಿದ್ದವು.

ಹಿಂದಿನ ಬೇಸಿಗೆಯಲ್ಲಿ ಬಬಲೇಶ್ವರದ ಕಡೆಯ ಯಾವುದೋ ಶೆಡ್ಡಿನಲ್ಲಿ ಹೆಂಗಸೊಬ್ಬಳು ರಾಶಿಯ ಮೇಲೆಯೇ ಕುಸಿದು ಬಿದ್ದಿದ್ದಳು. ಬದುಕಿ ಉಳಿದಳಾದರೂ ಕೆಲಸಕ್ಕೆ ಮರಳಲಿಲ್ಲ. ಆ ಸುದ್ದಿ ಗುರಲಿಂಗಪ್ಪ ಸಾವಕಾರರ ತಲೆಯಿಂದ ಇಳಿದಿರಲಿಲ್ಲ. ಈ ವರ್ಷ ಬಿಸಿಲು ಏರುವ ಮೊದಲೇ ಅವರು ಶೆಡ್ಡಿನ ಪಡುವಣ ಬದಿಗೆ ಹಸಿರು ಜಾಳಿಗೆಯ ಪರದೆ ಕಟ್ಟಿಸಿದರು, ಎರಡು ದೊಡ್ಡ ಕೂಲರ್ ತಂದಿಡಿಸಿದರು, ಹರವಿಗಳಿಗೆ ಹಸಿ ಗೋಣಿತಟ್ಟು ಸುತ್ತಿಸಿದರು. ಕೆಲಸ ಹೊತ್ತು ಹುಟ್ಟುವುದಕ್ಕೆ ಶುರು, ಮಧ್ಯಾಹ್ನ ಉಪ್ಪು ಹಾಕಿದ ಮಜ್ಜಿಗೆ, ಬಿಸಿಲು ಇಳಿಯುವವರೆಗೆ ವಿಶ್ರಾಂತಿ ಎಂದು ಸಾರಿದರು.

ಕೊನೆಗೆ ವಿಜಯಪುರದ ಜೋರಾಪುರ ಪೇಟೆಯ ಹಳೆಯ ಸಾಮಾನಿನ ಅಂಗಡಿಯಿಂದ ಗಂಟೆಯೊಂದನ್ನು ತಂದರು. ಯಾವುದೋ ಸಾಲೆಯಲ್ಲಿ ತೂಗಿದ್ದ ಕಂಚಿನ ತಟ್ಟೆ, ಜೊತೆಗೊಂದು ಕಟ್ಟಿಗೆಯ ಸುತ್ತಿಗೆ. ಅದನ್ನು ನಡುಗಂಬಕ್ಕೆ ತೂಗುಹಾಕಿ ಎಲ್ಲರನ್ನೂ ಕರೆದು ಹೇಳಿದರು: "ಇದು ಬಾರಿಸಿತಂದ್ರ ಯಾರ ಕೈಯಾಗ ಏನ ಇರಲಿ, ಇಟ್ಟು ನೆಳ್ಳಿಗೆ ಬಂದು ಕುಂಡ್ರಬೇಕು. ಗಾಡಿ ತುಂಬಾಕತ್ತಿದ್ರ ಗಾಡೀನೂ ನಿಲ್ಲಬೇಕು. ನಾ ಬಂದು ಏಳ್ರಿ ಅಂದ್ರೂ ಏಳಬ್ಯಾಡ್ರಿ."

ಸಾವಕಾರರನ್ನೂ ಕೂಡಿಸುವ ಗಂಟೆ! ಅದು ತನ್ನನ್ನು ಬಿಟ್ಟು ಇನ್ನಾರ ಕೈಗೆ ಹೋದೀತೆಂದು ಸುಗರಾಬಿ ಕನಸಿನಲ್ಲಿಯೂ ಎಣಿಸಿರಲಿಲ್ಲ. ಆ ದಿನ ಅವಳು ಹಬ್ಬಕ್ಕೆಂದು ಎತ್ತಿಟ್ಟ ಬಳೆಗಳನ್ನು ತೊಟ್ಟು ಬಂದಿದ್ದಳು.

ಸಾವಕಾರರು ಸುತ್ತಿಗೆಯನ್ನು ನಂದಾಳ ಕೈಗೆ ಕೊಟ್ಟರು.

ನಂದಾ ಬೇರೆ ಊರಿನವಳು. ಮದುವೆಯಾಗಿ ತಿಕೋಟಾಕ್ಕೆ ಬಂದವಳು. ತೆಳ್ಳನೆಯ ಮೈ, ಬೇಗ ಕೆಂಪಾಗುವ ಮುಖ. ಹೋದ ಬೇಸಿಗೆಯಲ್ಲಿ ಎಲ್ಲರಿಗಿಂತ ಮೊದಲು ತಲೆ ಹಿಡಿದುಕೊಂಡು ಗೋಡೆಗೆ ಒರಗುತ್ತಿದ್ದವಳು ಅವಳೇ. ಅಂಥವಳ ಕೈಯಲ್ಲಿ ಸುತ್ತಿಗೆ ಕಂಡು ಸುಗರಾಬಿ ಮುಂದೆ ಬಂದು ನಿಂತಳು.

"ಸಾವಕಾರ್ರ, ನಾ ಏನ ತಪ್ಪ ಮಾಡೇನ್ರಿ?" ಎಂದು ಎಲ್ಲರೆದುರಿಗೇ ಕೇಳಿದಳು.

ಗುರಲಿಂಗಪ್ಪ ನಕ್ಕರು. "ತಪ್ಪೇನಿಲ್ಲಬೇ ಸುಗರಾಬಿ. ನಿನ್ನಂಥ ಗಟ್ಟಿ ಹೆಣಮಗಳು ಈ ಸುತ್ತಿನ್ಯಾಗ ಯಾರದಾರ? ಆದ್ರ ಗಂಟಿ ಗಟ್ಟಿ ಮಂದಿ ಕೈಯಾಗ ಇರಬಾರದು. ಈ ಹುಡುಗಿಗೆ ಎಲ್ಲಾರಕಿಂತ ಮೊದಲ ಝಳ ಹತ್ತತೈತಿ, ಮೊದಲ ಬಾರಸ್ತಾಳ. ನಿನಗ ಝಳ ಹತ್ತಿ ನೀ ಬಾರಸೂದ್ರಾಗ ಉಳದವರೆಲ್ಲ ಒಣದ್ರಾಕ್ಷಿ ಆಗಿರ್ತಾರ!"

ಶೆಡ್ಡೆಲ್ಲ ನಕ್ಕಿತು. ಎಲ್ಲರಿಗಿಂತ ದೊಡ್ಡದಾಗಿ ನಕ್ಕವಳು ಸುರೈಯಾ, ದಿನವೂ ಸುಗರಾಬಿಯ ಮಗ್ಗುಲಲ್ಲಿಯೇ ಕೂಡುವವಳು. ಬೈದಿದ್ದರೆ ಸುಗರಾಬಿ ತಿರುಗಿ ಬೈಯಬಹುದಿತ್ತು. ಇದು ಹೊಗಳಿಕೆ. ತಾನೇ ವರ್ಷಾನುಗಟ್ಟಲೆ ಸಾಕಿ ಬೆಳೆಸಿದ ಮಾತು ಇಂದು ತನ್ನ ಕೈಯಿಂದಲೇ ಸುತ್ತಿಗೆಯನ್ನು ಕಿತ್ತುಕೊಂಡಿತ್ತು. ಇದಕ್ಕೆ ಯಾರನ್ನು ಬೈಯುವುದು? ಬಳೆಗಳನ್ನು ಕಳಚಿ ಸೆರಗಿನಲ್ಲಿ ಗಂಟು ಹಾಕಿಕೊಂಡು ರಾಶಿಯ ಮುಂದೆ ಕುಳಿತಳು.

ಅಂದಿನಿಂದ ಅವಳ ಕಣ್ಣು ನಂದಾಳನ್ನು ಬಿಟ್ಟು ಕದಲಲಿಲ್ಲ. ನಂದಾ ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯುವುದು, ಆ ಸುತ್ತಿಗೆ ತೊಡೆಗೆ ಬಡಿಯುವುದು, ಬಾರಿಸುವ ಮುನ್ನ ಅವಳು ಸುತ್ತಲೂ ಒಮ್ಮೆ ನೋಡುವುದು, ಎಲ್ಲವೂ ಬೀಗುವಿಕೆಯೆಂದೇ ತೋರಿತು. ಹಿಂದೆ ಹೊಟ್ಟೆನೋವು, ತಲೆನೋವು ಎಂದರೆ ಹೆಂಗಸರು ಸುಗರಾಬಿಯ ಮುಖ ನೋಡುತ್ತಿದ್ದರು. ಈಗ ಕತ್ತುಗಳು ನಡುಗಂಬದ ಕಡೆಗೆ ತಿರುಗುತ್ತಿದ್ದವು. ಗಾಡಿಯ ಡ್ರೈವರ್ ರಿಜ್ವಾನ ಬಾಗಿಲಿನಿಂದಲೇ, "ಗಂಟಿ ಮೇಡಮ್ಮಾರ, ಗಾಡಿ ಒಳಗ ತರ್ಲ್ಯಾ?" ಎಂದು ಕೇಳಿದಾಗ ಸುಗರಾಬಿಯ ಕೈಯಲ್ಲಿದ್ದ ಒಣದ್ರಾಕ್ಷಿ ಹಿಚುಕಿ ಅಂಟಾಯಿತು.

ಗಂಟೆ ಬಾರಿಸಿದಾಗ ಅವಳು ಏಳುತ್ತಿರಲಿಲ್ಲ. ನಂದಾ ಬಂದು, "ಚಾಚಿ, ಏಳ್ರಿ, ನೆಳ್ಳಿಗೆ ಬರ್ರಿ," ಎಂದರೆ, "ನನಗ ಇಲ್ಲೇ ನೆಳ್ಳೈತಿ," ಎನ್ನುತ್ತಿದ್ದಳು. ಬೆನ್ನ ಹಿಂದೆ "ಮೇಣದ ಗೊಂಬಿ" ಎಂದು ಹೆಸರಿಟ್ಟಳು. ಹೆಸರು ಹಬ್ಬಿತು. "ಮೇಣದ ಗೊಂಬಿ ಕರಗಾಕತ್ತೈತಿ, ಏಳ್ರೆವಾ!" ಎಂದು ಹೆಂಗಸರು ನಗುತ್ತ ಏಳತೊಡಗಿದರು. ನಂದಾಳ ಮುಖ ಕೆಂಪಾಗುತ್ತಿತ್ತು. ಅದು ಝಳದಿಂದಲೋ ನಾಚಿಕೆಯಿಂದಲೋ ಎಂದು ಯಾರೂ ವಿಚಾರಿಸಲಿಲ್ಲ. ಬರಬರುತ್ತ ಅವಳು ಸುತ್ತಿಗೆಗೆ ಕೈ ಹಾಕಲು ಹಿಂಜರಿಯತೊಡಗಿದಳು.

ಮನೆಯಲ್ಲಿಯೂ ಸುಗರಾಬಿಗೆ ಅದೇ ಮಾತು. ಗಂಡ ಕಾಸಿಮಸಾಬ ದರ್ಜಿ. ಹೊಲಿಗೆಯಂತ್ರದ ಮುಂದೆ ಕುಳಿತು, ಗಂಟೆಯ ಪುರಾಣ ಕೇಳಿ ಕೇಳಿ ಬೇಸತ್ತಿದ್ದ.

"ಅಷ್ಟ ಹೊಟ್ಟಿ ಉರಿತಿದ್ರ ನೀನೂ ಒಮ್ಮಿ ಚಕ್ಕರ ಬಂದು ಬಿದ್ದಬಿಡು," ಎಂದ. "ನಿನಗೂ ಝಳ ಹತ್ತತೈತಿ ಅಂತ ಸಾವಕಾರಗ ಗೊತ್ತಾಗಲಿ."

"ನಾ ಯಾಕ ಬೀಳಲಿ? ನನ್ನ ವೈರಿ ಬೀಳಲಿ," ಎಂದಳು ಸುಗರಾಬಿ. ಆದರೆ ಗಂಡ ಚೇಷ್ಟೆಗೆ ಆಡಿದ ಮಾತನ್ನು ಅವಳು ಬಿಸಾಡಲಿಲ್ಲ.

ಮೂರ್ನಾಲ್ಕು ದಿನ ಕಳೆದ ಮೇಲೆ ಸುಗರಾಬಿ ಬಿದ್ದಳು. ಬೀಳುವ ಮುನ್ನ ಖಾಲಿ ಚೀಲಗಳ ಮೆತ್ತನೆಯ ಒಟ್ಟಿಲು ನೋಡಿಕೊಂಡಳು, ಸೀರೆ ಸರಿ ಮಾಡಿಕೊಂಡಳು, ಕೈಯಲ್ಲಿದ್ದ ಜರಡಿಯನ್ನು ಹಣ್ಣು ಚೆಲ್ಲದಂತೆ ಪಕ್ಕಕ್ಕಿಟ್ಟಳು. ಅನಂತರ "ಯಾ ಅಲ್ಲಾ" ಎಂದು ಒರಗಿದಳು. ನಂದಾ ಗಾಬರಿಯಿಂದ ಓಡಿಹೋಗಿ ಬಾರಿಸಿದ ಗಂಟೆ ಅಕ್ಕಪಕ್ಕದ ತೋಟಗಳಿಗೆಲ್ಲ ಕೇಳಿತು.

ಸುರೈಯಾ ಹತ್ತಿರ ಬಂದು ನೋಡಿದಳು. ಜರಡಿಯನ್ನೂ ನೋಡಿದಳು. "ಚಕ್ಕರ ಬಂದಾಕಿ ಜರಡಿ ಎಷ್ಟ ಹಗರ್ಕ ಇಟ್ಟಾಳ ನೋಡ್ರೆವಾ!" ಎಂದಳು. ಸುತ್ತಲೂ ಕಿಸಕ್ಕನೆ ನಗೆ. ಮುಚ್ಚಿದ ರೆಪ್ಪೆಗಳ ಒಳಗೆ ಸುಗರಾಬಿ ಬೆಂದುಹೋದಳು.

ಗಂಟೆ ಕೇಳಿ ಬಂದ ಗುರಲಿಂಗಪ್ಪ ಮಾತ್ರ ನಗಲಿಲ್ಲ. "ವಯಸ್ಸಾತಬೇ ನಿನಗ. ನಾಳಿಂದ ರಾಶಿ ಉಸಾಬರಿ ಬಿಡು. ಕೂಲರ್ ಮುಂದ ಕುಂತು ಡಬ್ಬಿಗೆ ಚೀಟಿ ಅಂಟಸು," ಎಂದರು. ಆ ಕೂಲರಿನ ಮುಂದಿನ ಜಾಗಕ್ಕೆ ಹೆಂಗಸರು ಜಗಳವಾಡುತ್ತಿದ್ದರು. ಸುಗರಾಬಿಗೆ ಅದು ಮೂಲೆಗೆ ತಳ್ಳಿದಂತೆ. ಗಂಟೆ ಸಿಗಲಿಲ್ಲ, ಇದ್ದ ರಾಶಿಯೂ ಹೋಯಿತು.

ಮರುದಿನ ಅವಳು ಕೂಲರಿನ ಕಡೆಗೆ ತಿರುಗಿಯೂ ನೋಡಲಿಲ್ಲ. ಸಾವಕಾರರು ವಿಜಯಪುರಕ್ಕೆ ಹೋಗಿದ್ದುದು ಅವಳಿಗೆ ಅನುಕೂಲವಾಯಿತು. ಗಾಳಿ ಸುಳಿಯದ ಹಿಂಬದಿಯ ಮೂಲೆಯಲ್ಲಿದ್ದ, ಯಾರೂ ಮುಟ್ಟದ ರಾಶಿಯನ್ನು ಆರಿಸಿಕೊಂಡು ಕುಳಿತಳು. ಹರವಿಯ ಹತ್ತಿರ ಹೋಗಲಿಲ್ಲ, ಮಜ್ಜಿಗೆ ಮುಟ್ಟಲಿಲ್ಲ. ಉಳಿದವರು ಒಂದು ಬುಟ್ಟಿ ಮುಗಿಸುವುದರೊಳಗೆ ಅವಳ ಎರಡು ಬುಟ್ಟಿ ತುಂಬುತ್ತಿದ್ದವು. ಝಳ ಹತ್ತಲಾರದಾಕಿ ಎಂಬ ಹೆಸರನ್ನಾದರೂ ಮರಳಿ ಗಳಿಸುವ ಹಟ.

ಹೊತ್ತು ನೆತ್ತಿಗೆ ಬರುವ ಮುನ್ನ ಅವಳ ಬೆರಳುಗಳು ತೊಟ್ಟನ್ನು ತಪ್ಪಿಸಿ ಹಣ್ಣನ್ನೇ ಮುರಿಯತೊಡಗಿದವು. ಕಪ್ಪು ಹಸಿರು ಒಂದೇ ಆಗಿ ಕಂಡವು. ಅಷ್ಟು ಸೆಕೆಯಲ್ಲಿಯೂ ಮೈ ಜುಮ್ಮೆಂದು ಚಳಿ ಬಂದಂತಾಯಿತು. ಇದೇನೆಂದು ಅವಳಿಗೆ ತಕ್ಷಣ ತಿಳಿಯಲಿಲ್ಲ. ತಿಳಿದಾಗ ಹೆದರಿಕೆಗಿಂತ ಮೊದಲು ಸಿಟ್ಟು ಬಂದಿತು. ಏಳಬೇಕೆಂದರೆ ಕಾಲು ಕೇಳಲಿಲ್ಲ.

ಸುರೈಯಾ ಅವಳನ್ನು ನೋಡಿ ಪಕ್ಕದವಳ ಕಿವಿಯಲ್ಲಿ ಹೇಳಿದಳು: "ಇವತ್ತೂ ನಾಟಕ ಐತಿ. ಚೀಲ ಹುಡಕಾಕತ್ತಾಳ ನೋಡು."

ಸುಗರಾಬಿ ಕತ್ತೆತ್ತಿದಳು. ನಡುಗಂಬದ ಬಳಿ ನಂದಾ ನಿಂತು ತನ್ನನ್ನೇ ನೋಡುತ್ತಿದ್ದಳು. ಸುತ್ತಿಗೆ ಕೈಯಲ್ಲಿತ್ತು. ಆದರೆ ಕೈ ಏಳುತ್ತಿರಲಿಲ್ಲ. ನಿನ್ನೆ ಮೋಸಹೋಗಿ ಬಾರಿಸಿ ನಗೆಗೀಡಾದ ಕೈ ಅದು, ಮೇಣದ ಗೊಂಬಿ ಎನ್ನಿಸಿಕೊಂಡು ಸೋತ ಕೈ. ಅದನ್ನು ಹಾಗೆ ಸೋಲಿಸಿದವಳು ತಾನೇ ಎಂಬುದು ಸುಗರಾಬಿಗೆ ಆ ಮಬ್ಬಿನಲ್ಲಿಯೂ ನಿಚ್ಚಳವಾಗಿತ್ತು. ಬಾಯಿಬಿಟ್ಟು ಕೇಳದ ಹೊರತು ಆ ಗಂಟೆ ಬಾರಿಸುವುದಿಲ್ಲ. ಕೇಳಬೇಕಾದುದು ಅವಳನ್ನು. ಎಲ್ಲರನ್ನೂ ಬಿಟ್ಟು ಅವಳನ್ನು.

ಒಣಗಿದ ತುಟಿ ಕಚ್ಚಿಕೊಂಡಳು. ಇನ್ನೊಂದು ಹಣ್ಣು ಎತ್ತಿಕೊಳ್ಳಲು ನೋಡಿದಳು. ಬೆರಳಿಗೆ ಸಿಗಲಿಲ್ಲ.

"ನಂದಾ," ಎಂದಳು. ದನಿ ತನ್ನದಲ್ಲವೆಂಬಂತಿತ್ತು. "ನನಗ ಝಳ ಹತ್ತೇತಿ. ಬಾರಸಬೇ."

ಪಿಸುಗುಟ್ಟುತ್ತಿದ್ದ ಸುರೈಯಾ ತಿರುಗಿ ನೋಡಿದಳು. ಈ ಮಾತು ಆ ಬಾಯಿಂದ ಬರುವುದನ್ನು ಅಲ್ಲಿ ಯಾರೂ ಕೇಳಿದವರಿರಲಿಲ್ಲ. ನಿನ್ನೆ ಬಿದ್ದಾಗಲೂ ಅವಳು ಆ ಮಾತು ಆಡಿರಲಿಲ್ಲ. ಗಂಟೆ ಬಾರಿಸಿತು.

ಮುಂದಿನದು ಅವಳಿಗೆ ತುಂಡು ತುಂಡಾಗಿ ನೆನಪಿದೆ. ನಾಲ್ಕಾರು ಕೈಗಳು ಎತ್ತಿ ಪರದೆಯ ನೆರಳಿಗೆ ತಂದವು. ಹರವಿಗೆ ಸುತ್ತಿದ್ದ ಹಸಿ ಗೋಣಿತಟ್ಟು ಬಿಚ್ಚಿ ಮೈಮೇಲೆ ಹೊದಿಸಿದರು. ಸುರೈಯಾ ಅಳುತ್ತ ಮೊರದಿಂದ ಗಾಳಿ ಬೀಸಿದಳು. ನಂದಾ ತಲೆ ಹಿಡಿದು ಗುಟುಕು ಗುಟುಕಾಗಿ ನೀರು ಕುಡಿಸಿದಳು. ರಿಜ್ವಾನ ಅರ್ಧ ತುಂಬಿದ ಗಾಡಿಯನ್ನು ಹಾಗೆಯೇ ಆಸ್ಪತ್ರೆಗೆ ಓಡಿಸಿದ. ಅಲ್ಲಿ ಸಲೈನು ಹಚ್ಚಿ ಸಂಜೆಯವರೆಗೆ ಮಲಗಿಸಿದರು.

ಪಕ್ಕದಲ್ಲಿ ನಂದಾ ಕುಳಿತಿದ್ದಳು. ಸುಗರಾಬಿ ಕಣ್ಣು ಬಿಟ್ಟೊಡನೆ ಹೇಳಿದ ಮೊದಲ ಮಾತು ಇದು: "ಗಂಟಿ ಅಂಚಿಗೆ ಹೊಡಿತಿ ನೀ. ನಡಬರಕ ಹೊಡಿಬೇಕು. ದನಿ ದೂರ ಹೋಗತೈತಿ."

ನಂದಾ ನಗಬೇಕೋ ಅಳಬೇಕೋ ತಿಳಿಯದೆ, ಸೊಂಟದ ಸುತ್ತಿಗೆ ತೆಗೆದು ಹಾಸಿಗೆಯ ಮೇಲಿಟ್ಟಳು. "ಹಂಗಾದ್ರ ಇನ್ನಮ್ಯಾಲೆ ನೀವ ಬಾರಸ್ರಿ ಚಾಚಿ. ಈಗ ನಿಮಗೂ ಹತ್ತೇತಲ್ಲ. ಸಾವಕಾರಗ ನಾ ಹೇಳ್ತೀನಿ."

ಇಷ್ಟು ದಿನ ನಿದ್ದೆಗೆಡಿಸಿದ ವಸ್ತು ಕೈಯಳತೆಯಲ್ಲಿತ್ತು. ಸುಗರಾಬಿ ಅದನ್ನು ಬಹಳ ಹೊತ್ತು ನೋಡಿದಳು. ಹಿಡಿಯ ಬಳಿ ನಂದಾಳ ಬೆವರಿನಿಂದ ಕಟ್ಟಿಗೆ ಕಪ್ಪಾಗಿತ್ತು.

"ನೀ ಕೊಟ್ಟದ್ದು ನನಗ ಬ್ಯಾಡ," ಎಂದು ಗೋಡೆಯ ಕಡೆಗೆ ಹೊರಳಿದಳು.

ವೈದ್ಯರು ಹೇಳಿದಷ್ಟು ದಿನ ವಿಶ್ರಾಂತಿ ಪಡೆದು ಅವಳು ಮತ್ತೆ ಶೆಡ್ಡಿಗೆ ಬಂದಳು. ಕೂಲರಿನ ಮುಂದೆ ಕೂಡುವ ಮಾತನ್ನು ಸಾವಕಾರರು ಇನ್ನೊಮ್ಮೆ ಎತ್ತದಂತೆ ಮುಖ ಬಿಗಿದುಕೊಂಡು, ತನ್ನ ಹಳೆಯ ಜಾಗದಲ್ಲಿಯೇ ಕುಳಿತಳು. ಪಕ್ಕದಲ್ಲೊಂದು ತಂಬಿಗೆ ನೀರು ಇಟ್ಟುಕೊಂಡಳು. ತಗಡು ಟಕಟಕ ಎನ್ನತೊಡಗಿದಾಗ ಬೆನ್ನು ನೆಟ್ಟಗೆ ಮಾಡಿ, ಹಿಂದೆ ಜಂಭದ ಮಾತು ಆಡುತ್ತಿದ್ದ ಅದೇ ದನಿಯಲ್ಲಿ ಕೂಗಿದಳು: "ನಂದಾ, ನನಗ ಝಳ ಹತ್ತೇತಿ!"

ಸುತ್ತಿಗೆ ನಡುಬರಕ್ಕೆ ಬಿದ್ದು ಗಂಟೆ ದೂರದವರೆಗೆ ಕೇಳಿತು. ಎಲ್ಲರೂ ಎದ್ದರು. ಯಾರೂ ನಗಲಿಲ್ಲ. ಸುಗರಾಬಿಗೇ ಹತ್ತಿದ ಮೇಲೆ ಉಳಿದವರ ಪಾಡೇನು? ಮೇಣದ ಗೊಂಬಿ ಎಂಬ ಹೆಸರು ತಾನಾಗಿಯೇ ಸತ್ತುಹೋಯಿತು. ಸುತ್ತಿಗೆ ಯಾರ ಸೊಂಟದಲ್ಲಿಯೇ ಇರಲಿ, ಗಂಟೆ ಯಾರ ಮಾತಿಗೆ ಬಾರಿಸುತ್ತದೆ ಎಂಬುದು ಈಗ ಗಾಡಿಯ ರಿಜ್ವಾನನಿಗೂ ಗೊತ್ತು. ಅವನು ಬಾಗಿಲಿಗೆ ಬಂದು ಮೊದಲು ನೋಡುವುದು ಅವಳ ಮುಖವನ್ನು.

ಸುಗರಾಬಿಗೆ ಅಷ್ಟರಮಟ್ಟಿಗೆ ನೆಮ್ಮದಿಯಾಯಿತು. ಆದರೆ ಅದು ಬಹಳ ದಿನ ಬಾಳಲಿಲ್ಲ. ಮೇ ತಿಂಗಳ ಒಂದು ದಿನ, ಇನ್ನೂ ಊಟದ ಹೊತ್ತಾಗುವ ಮೊದಲೇ, ಮಗ್ಗುಲಲ್ಲಿದ್ದ ಸುರೈಯಾ ಹಣೆ ಒತ್ತಿಕೊಂಡು ಕೂಗಿದಳು: "ನಂದಾ, ನನಗ ಝಳ ಹತ್ತಿದಂಗಾಗೇತಿ ನೋಡ!"

ಗಂಟೆ ಬಾರಿಸಿತು. ಹೆಂಗಸರು ಎದ್ದರು. ಸುಗರಾಬಿಯೂ ಎದ್ದಳು. ಸುರೈಯಾಳ ರಟ್ಟೆ ಹಿಡಿದು ನೆರಳಿಗೆ ನಡೆಸಿ, ತನ್ನ ತಂಬಿಗೆಯ ನೀರನ್ನೇ ಅವಳ ಬಾಯಿಗಿಟ್ಟಳು. ಅವಳು ಕುಡಿದು ಸುಧಾರಿಸಿಕೊಳ್ಳುವವರೆಗೆ ಸೆರಗಿನಿಂದ ಗಾಳಿ ಹಾಕಿದಳು. ಮುಖಕ್ಕೆ ಕಳೆ ಬಂದುದನ್ನು ಖಾತ್ರಿ ಮಾಡಿಕೊಂಡ ಮೇಲೆ ಹುಬ್ಬು ಗಂಟಿಕ್ಕಿ ಕೇಳಿದಳು:

"ನಾ ಇನ್ನೂ ಕುಂತಿದ್ದೆ. ನನಗಿಂತ ಮೊದಲ ನಿನಗ ಹ್ಯಾಂಗ ಹತ್ತಿತಬೇ ಅದು?"