ಹಿಮಕ್ಕೊಂದು ವಶೀಲಿ

ಮೊದಲೇ ಹೇಳಿಬಿಡುತ್ತೇನೆ, ಅವತ್ತು ಆ ಗೈಡನ್ನು ಅಣಕಿಸಿ ಎಲ್ಲರನ್ನೂ ನಗಿಸಿದ ಕೋತಿ ನಾನೇ. ಈಗ ಯಾಕೆ ನೆನಪಾಯಿತೆಂದರೆ, ಕುವೈತಿನ ಸಾಲ್ಮಿಯಾದ ಈ ಬಾಡಿಗೆ ಫ್ಲ್ಯಾಟಿನ ಹಳೇ ಫ್ರಿಜ್ಜನ್ನು ತೊಳೆಯಲೆಂದು ಆರಿಸಿಟ್ಟಿದ್ದೆ. ಫ್ರೀಜರಿನಲ್ಲಿ ಕಟ್ಟಿದ್ದ ಹಿಮ ಹಲಗೆಯ ಹಾಗೆ ಸದ್ದಿಲ್ಲದೆ ಜಾರಿ ಪಾದದ ಮೇಲೆ ಬಿತ್ತು. ಅಂಗೈಯಗಲದ ತುಂಡಿಗೇ ಕುಣಿದಾಡಿಬಿಟ್ಟೆ, ನೋಡಿ.

ಆ ಚಳಿಗಾಲದ ರಜೆಗೆ ನಮ್ಮ ಕನ್ನಡದ ಗುಂಪು ಜಾರ್ಜಿಯಾದ ಬೆಟ್ಟಕ್ಕೆ ಹೊರಡಲು ಸಜ್ಜಾಗಿತ್ತು. ಮುಂದಾಳು ದಯಾನಂದಣ್ಣ, ಮಂಗಳೂರಿನವರು, ಹೋಟೆಲ್ ಮ್ಯಾನೇಜರ್. ಅವರ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ಅಲ್ಲಿನ ಗೈಡ್ ಫೋನ್ ಮಾಡಿದ. ಹಳೇ ಹಿಮ ಸಕ್ಕರೆಯಂತೆ ಉದುರುತ್ತಿದೆ, ಅದರ ಮೇಲೆ ಗಾಳಿ ಹೊಸ ಹಿಮವನ್ನು ಗಟ್ಟಿ ಪದರವಾಗಿ ಕೂರಿಸಿದೆ, ಒಬ್ಬ ಕಾಲಿಟ್ಟರೂ ಇಡೀ ಇಳಿಜಾರು ಕಳಚಿಕೊಳ್ಳಬಹುದು. ಊರೊಳಗೆ ಎಷ್ಟು ಬೇಕಾದರೂ ಸುತ್ತಾಡಿ, ಮೇಲಿನ ಕಣಿವೆಗೆ ಮಾತ್ರ ಕರೆದೊಯ್ಯಲಾರೆ ಎಂದ. ಅವನು ಫೋನ್ ಇಟ್ಟದ್ದೇ ನಾನು ಎದ್ದು ನಿಂತು, ಮೂಗಿನಲ್ಲಿ, "ನೋ ಮಿಸ್ಟರ್, ಮೌಂಟನ್ ವೆರಿ ಆ್ಯಂಗ್ರಿ!" ಎಂದೆ. ಪಾಪ, ಅವನು ಹಾಗೆ ಹೇಳಿಯೇ ಇರಲಿಲ್ಲ. ಆದರೂ ಚಪ್ಪಾಳೆ!

ಆ ನಗುವಿನಲ್ಲೇ ದಯಾನಂದಣ್ಣನಿಗೆ ಧೈರ್ಯ ಬಂತು. "ಜಹ್ರಾದಾಚೆ ಮರಳುದಿಬ್ಬದಲ್ಲಿ ಗಾಡಿ ಓಡಿಸಿದವರು ನಾವು ಮಾರಾಯ್ರೆ, ಹಿಮ ಎಂತ ಮಹಾ? ಅಲ್ಲಿ ನಮ್ಮ ಕಫೀಲನ ದೋಸ್ತ್ ಒಬ್ಬ ಇದ್ದಾನೆ. ಒಂದು ವಾಸ್ತಾ ಹಾಕಿಸ್ತೇನೆ, ಬೇರೆ ಗೈಡ್ ಬರ್ತಾನೆ. ಖಲಾಸ್!"

ಕಫೀಲ ಅಂದರೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಧಣಿ, ವಾಸ್ತಾ ಅಂದರೆ ನಮ್ಮ ವಶೀಲಿಯೇ. ಕುವೈತಿನಲ್ಲಿ ಸರದಿ ಹಾರಲು ವಾಸ್ತಾ, ಮೊಹರು ಬೀಳಲು ವಾಸ್ತಾ, ಒಪ್ಪಿದೆ. ಬೆಟ್ಟಕ್ಕೂ? ಮೈ ಉರಿದುಹೋಯಿತು. ಜೀವ ಉಳಿಯಲೆಂದು 'ಆಗದು' ಅಂದವನನ್ನು ಕೆಲಸಗಳ್ಳನಂತೆ ಕಾಣುವುದೇ? ವರ್ಷವಿಡೀ ಸಾಹೇಬರ ಮುಂದೆ 'ಎಸ್ ಸರ್' ಅನ್ನುವ ನಮಗೆ, ರಜೆಯಲ್ಲಿ ಯಾರೋ ಒಬ್ಬ 'ನೋ' ಅಂದರೆ ತಡೆಯಲಾಗುವುದಿಲ್ಲವಲ್ಲ! ಉರಿದು ಏನು ಬಂತು? ಈಗ ಬುದ್ಧಿ ಹೇಳಿದರೆ ಅದನ್ನೂ ಮಿಮಿಕ್ರಿ ಅಂದುಕೊಂಡು ಇನ್ನೊಮ್ಮೆ ಚಪ್ಪಾಳೆ ಹೊಡೆಯುತ್ತಿದ್ದರು.

ಅಷ್ಟರಲ್ಲಿ ಧಾರವಾಡದ ಎಂಜಿನಿಯರ್ ಬಸವರಾಜಣ್ಣ, "ಆತು, ಬ್ಯಾರೆ ಗೈಡ್ ಬಂದ್ರ ನಾನೂ ಏರತೀನಿ" ಅಂದರು. ಪಕ್ಕದಲ್ಲಿದ್ದ ಅವರ ಹೆಂಡತಿ ಸಾವಿತ್ರಕ್ಕ ಚಹಾದ ಕಪ್ಪು ಕೆಳಗಿಟ್ಟರು. ಇಲ್ಲಿ ಅವರ ಇಕಾಮಾ, ಅಂದರೆ ವಾಸದ ಪರವಾನಗಿ, ಗಂಡನ ಕೆಲಸಕ್ಕೆ ಅಂಟಿಕೊಂಡದ್ದು. ಗಂಡನಿಲ್ಲದಿದ್ದರೆ ಅದೂ ಇಲ್ಲ. ಅವರು ಬಾಯಿ ತೆರೆದ ಮೇಲೆ ಆ ಕಣಿವೆಯ ಹೆಸರನ್ನು ಯಾರೂ ಎತ್ತಲಿಲ್ಲ. ಅಂದದ್ದು ಇಷ್ಟೇ:

"ದಯಾನಂದಣ್ಣಾರ, ಇವರು ಅಲ್ಲಿ ಹಿಮದಾಗ ಹೂತು ಹ್ವಾದ್ರ ಇಲ್ಲಿ ನನ್ನ ಇಕಾಮಾ ಖಲಾಸ್. ಮೊದಲ ಅದಕ್ಕೊಂದು ವಾಸ್ತಾ ಹಚ್ಚಿ ತೋರಸ್ರಿ, ಆಮ್ಯಾಲ ಗಂಡನ್ನ ಕಳಸ್ತೀನಿ."