ಬಂಪರಿಗೆ ಅವ್ವ ಎರೆದಳು

ಸ್ಪ್ರೇ ಡಬ್ಬಿ ಒತ್ತಿದೆ. ನಮ್ಮ ಹಳೇ ಕಾರಿನ ಬಂಪರಿನ ಪ್ಲಾಸ್ಟಿಕ್ ಅಂಚಿನ ಮೇಲೆ ಬಿದ್ದ ಕಪ್ಪು ಬಣ್ಣ ಹಿಡಿಯದೆ ಕಣ್ಣೆದುರೇ ಸರಿದು, ನಡುನಡುವೆ ಗುಂಡು ಗುಂಡು ತೂತು ಬಿದ್ದವು. ಮರುದಿನ ಇದೇ ಕಾರಿನಲ್ಲಿ ಖಾನಾಪುರಕ್ಕೆ ಹೋಗಿ, ತವರಿನಲ್ಲಿದ್ದ ಹೆಂಡತಿಯನ್ನೂ ನಮ್ಮ ಹೊಸ ಕೂಸನ್ನೂ ಹಿಂದವಾಡಿಯ ಮನೆಗೆ ಕರೆತರಬೇಕಿತ್ತು. ಬಣ್ಣ ಕೊಟ್ಟ ಅಂಗಡಿಯವನಿಗೆ ನಿಂತಲ್ಲಿಂದಲೇ ಬಾಯಿಗೆ ಬಂದಂತೆ ಬೈದೆ.

ಅವ್ವ ಹೊರಗೆ ಬಂದು ಬಂಪರನ್ನು ಬೆರಳಿನಿಂದ ಸವರಿದಳು. ಮಾಸಿದ ಪ್ಲಾಸ್ಟಿಕ್ ಮಿರಿಮಿರಿ ಮಿಂಚಲಿ ಅಂತ ಪ್ರತಿ ದಸರೆಯಲ್ಲಿ ಆಯುಧ, ಗಾಡಿ ಪೂಜಿಸುವ ಖಂಡೇ ಪೂಜೆಗೆ ಅದಕ್ಕೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದವಳು ಅವಳೇ. ಬಣ್ಣ ಯಾಕೆ ಹಿಡಿಯಲಿಲ್ಲ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ನಾನು ಸಿಟ್ಟಿನಿಂದ ಬಾಯಿ ತೆರೆದೆ. ಅವಳು ನೆವ ಹೇಳಲಿಲ್ಲ, ಮೋರೆ ಸಣ್ಣದು ಮಾಡಲಿಲ್ಲ.

“ಎಣ್ಣಿ ಹಚ್ಚಿದಾಕಿ ನಾನು, ಎರಿಯಾಕಿನೂ ನಾನ. ನೀ ಬಾಜೂಕ ಸರಿ.”

ಬಿಸಿನೀರು, ಪಾತ್ರೆ ತಿಕ್ಕುವ ಸಾಬೂನು ತಂದಳು. ಮಣೆ ಹಾಕಿಕೊಂಡು ಕೂತು, ಕೂಸಿಗೆ ಎರೆಯುವ ಹಾಗೆ ಸಂದಿಸಂದಿ ತಿಕ್ಕಿದಳು. ಬೆರಳಿಗೆ ಜಿಡ್ಡು ಹತ್ತುವುದು ನಿಲ್ಲುವವರೆಗೂ ಏಳಲಿಲ್ಲ. ಅದು ಒಣಗಿದ ಮೇಲೆ ನಾನು ಕೆಟ್ಟ ಬಣ್ಣವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ತೆಗೆದು, ಮತ್ತೆ ತೆಳ್ಳಗೆ ಹೊಡೆದೆ. ಈ ಸಲ ಬಣ್ಣ ಕಚ್ಚಿ ಕೂತಿತು. ಮರುದಿನ ಖಾನಾಪುರದಲ್ಲಿ ಹೆಂಡತಿ ಕೂಸನ್ನೆತ್ತಿಕೊಂಡು ಬಂದವಳು, “ಗಾಡಿ ಹೊಸಾದ ತಗೊಂಡ್ರೇನ್ರೀ?” ಅಂದಳು. ನನ್ನ ಜೊತೆ ಬಂದಿದ್ದ ಅವ್ವ ಸೆರಗಿನ ಮರೆಯಲ್ಲಿ ನಕ್ಕಳು.

ಈ ವರ್ಷದ ಖಂಡೇ ಪೂಜೆಗೆ ಅವ್ವ ಕಾರಿಗೆ ಕುಂಕುಮ ಹಚ್ಚಿ, ಎಣ್ಣೆ ಬಾಟಲಿ ಹಿಡಿದು ನನ್ನ ಮುಖ ನೋಡಿದಳು. ನಾನು ಬಾಟಲಿ ಇಸಿದುಕೊಂಡು, ಅವಳನ್ನೇ ಮಣೆಯ ಮೇಲೆ ಕೂಡಿಸಿ ತಲೆಗೆ ಹಚ್ಚಿದೆ.